ಅಪ್ಪನ ಪಾತ್ರ ಮಾಡಿದವರು

ನನ್ನ ಬಾಯಿ ಕೆಟ್ಟದ್ದು ಅನ್ನುವುದು ಸಿದ್ಧಾರ್ಥನಗರದ ನಮ್ಮ ರಸ್ತೆಗೆಲ್ಲ ಗೊತ್ತಿರುವ ವಿಷಯ. ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೆ ಬೀಗರ ಮನೆಯಲ್ಲೂ ಜಾಸ್ತಿಯಾಗಿದೆ ಅಂತಲೇ ಹೇಳುತ್ತೇನೆ. ಮದುಮಗಳಿಗೆ ಸೀರೆಯ ಬಣ್ಣ ಒಪ್ಪಲಿಲ್ಲ ಅಂತ ಮಂಟಪದ ಹತ್ತಿರವೇ ಹೇಳಿ ನಮ್ಮಕ್ಕನ ಕೈಲಿ ಚಿವುಟಿಸಿಕೊಂಡಿದ್ದೇನೆ. ಸುಳ್ಳು ಹೇಳುವುದಕ್ಕೆ ನನಗೆ ಬರುವುದಿಲ್ಲ ಅಂತ ಹೆಮ್ಮೆಪಟ್ಟುಕೊಂಡೇ ಐವತ್ತೆಂಟು ವರ್ಷ ಕಳೆದೆ. ಆಮೇಲೆ ಒಂದೇ ಒಂದು ಸುಳ್ಳು ಹೇಳಿದೆ. ಅದನ್ನು ಸಿನಿಮಾ ಥಿಯೇಟರಿನ ಮುಂದೆ ನಿಂತು ಮೈಕಿನಲ್ಲಿ ಹೇಳಿದೆ.

ಮೊದಲು ಆ ಧಾರಾವಾಹಿಯ ವಿಷಯ ಹೇಳಬೇಕು. ಎಂಟು ವರ್ಷ, ಪ್ರತಿ ಶನಿವಾರ ಸಂಜೆ ಬರುತ್ತಿತ್ತು. ವಾರಕ್ಕೊಂದು ಕೊಲೆ, ಇಲ್ಲವೇ ದರೋಡೆ. ಅದರಲ್ಲಿ ಬರುವ ಇನ್ಸ್‌ಪೆಕ್ಟರನ್ನು ನಾವೆಲ್ಲ 'ಸಾಹೇಬ್ರು' ಅಂತಲೇ ಕರೆಯುತ್ತಿದ್ದದ್ದು. ಸಾಹೇಬರು ಯಾರ ಮೇಲೂ ಕೈ ಮಾಡುತ್ತಿರಲಿಲ್ಲ. ಕಳ್ಳನ ಎದುರು ಕುರ್ಚಿ ಎಳೆದುಕೊಂಡು ಕೂತು, ಟೀ ತರಿಸಿ, ಅವನ ತಾಯಿಯ ಆರೋಗ್ಯ ವಿಚಾರಿಸಿ ನಿಜ ಹೊರಡಿಸುತ್ತಿದ್ದರು. ಕೇಸು ಮುಗಿದ ಮೇಲೆ ಮನೆಗೆ ಬಂದು, ಗೋಡೆಯ ಮೊಳೆಗೆ ನೇತುಹಾಕಿದ ಒಂದು ಹಳೆಯ ಪೊಲೀಸ್ ಬೆಲ್ಟನ್ನು ಎರಡು ಬೆರಳಿನಲ್ಲಿ ಮುಟ್ಟುತ್ತಿದ್ದರು. ಅದು ಅವರ ಅಪ್ಪನದು. ಅಪ್ಪ ಪೇದೆಯಾಗಿದ್ದವರು. ಅಲ್ಲಿ ಮಾತಿಲ್ಲ, ಸಂಗೀತವೂ ಇಲ್ಲ, ಬೆಲ್ಟು ಮುಟ್ಟಿದರೆ ಆ ವಾರದ ಕಥೆ ಮುಗಿಯಿತು ಅಂತ ಅರ್ಥ. ಅಪ್ಪ ಧರ್ಮರಾಯನಂಥ ಮನುಷ್ಯ, ಅವರ ಹೆಸರು ಉಳಿಸುವುದಕ್ಕೆ ಮಗ ಹೀಗೆ ದುಡಿಯುತ್ತಾನೆ ಅಂತ ನಾವು ಅರ್ಥ ಮಾಡಿಕೊಂಡಿದ್ದೆವು. ಹಾಗಂತ ಧಾರಾವಾಹಿಯವರು ಎಲ್ಲೂ ಹೇಳಿರಲಿಲ್ಲ ಅನ್ನುವುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಮೈಸೂರಿನ ಅಭಿಮಾನಿಗಳೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೆವು. ಆಟೋ ಓಡಿಸುವವರು, ಬ್ಯಾಂಕಿನವರು, ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಮೇಷ್ಟ್ರು, ನನ್ನಂಥ ಗೃಹಿಣಿಯರು. ಕೊನೆಯ ಜಾಹೀರಾತು ಬಂದಾಗ ಕೊಲೆಗಾರ ಯಾರು ಅಂತ ಎಲ್ಲರೂ ಬರೆದು ಹಾಕಬೇಕು, ಅದು ನಮ್ಮ ಆಟ. ನಾನು ತಪ್ಪುತ್ತಿದ್ದದ್ದು ಕಡಿಮೆ. ಯಾವ ವಾರದ ಕಥೆ ಹಳಸಲು, ಯಾರ ನಟನೆ ಸಪ್ಪೆ ಅನ್ನುವುದನ್ನೂ ಮುಲಾಜಿಲ್ಲದೆ ಬರೆಯುತ್ತಿದ್ದೆ. ಅದಕ್ಕೇ ಅವರೆಲ್ಲ ನನಗೆ 'ಜಡ್ಜಮ್ಮ' ಅಂತ ಹೆಸರಿಟ್ಟಿದ್ದರು. ಸುಳ್ಳು ಯಾಕೆ, ಆ ಹೆಸರು ನನಗೆ ಇಷ್ಟವಾಗಿತ್ತು.

ನಮ್ಮನೆಯವರು ಆ ಗುಂಪಿನಲ್ಲಿ ಇರಲಿಲ್ಲ. ಅವರು ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಫಿಟ್ಟರ್ ಆಗಿದ್ದು ರಿಟೈರಾದವರು. ಮನೆಯಲ್ಲಿ ಕೂತರೆ ನನ್ನ ಕೈಲಿ ಬೈಸಿಕೊಳ್ಳಬೇಕಾಗುತ್ತದೆ ಅಂತ ಮಂಡಿ ಮೊಹಲ್ಲಾದಲ್ಲಿ ಫೋಟೋ ಫ್ರೇಮಿನ ಅಂಗಡಿ ಇಟ್ಟಿದ್ದ ಗೆಳೆಯರ ಹತ್ತಿರ ಹೋಗಿ ಗಾಜು ಕುಯ್ದುಕೊಡುತ್ತಿದ್ದರು. ಶನಿವಾರ ಸಂಜೆ ಮಾತ್ರ ನನ್ನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಾ ಧಾರಾವಾಹಿ ನೋಡುತ್ತಿದ್ದರು. ಕೊಲೆಗಾರ ಯಾರಾದರೇನು ಅವರಿಗೆ! ಅವರ ಕಣ್ಣೆಲ್ಲ ಸಣ್ಣ ಪಾತ್ರದವರ ಮೇಲೆ.

"ಆ ಹಾಲಿನೋನ ಪಾತ್ರ ಮಾಡ್ದೋನ್ನ ನೋಡ್ದಾ? ಖಾಲಿ ಕ್ಯಾನು, ಆದ್ರೂ ತುಂಬಿದ್ದಂಗೇ ಎತ್ತಿದ," ಅನ್ನುತ್ತಿದ್ದರು.

ಅದಕ್ಕೆ ಕಾರಣವಿತ್ತು. ಅವರೂ ಸಣ್ಣ ಪಾತ್ರದವರೇ. ಅವರ ಊರಿನಲ್ಲಿ ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಹಾಡಲು ಕಂಠವಿಲ್ಲದ ನಮ್ಮನೆಯವರಿಗೆ ಯಾವಾಗಲೂ ದೂತನ ಪಾತ್ರ. ಬಂದು ಕೈಮುಗಿದು, ಶತ್ರುಸೈನ್ಯ ಹೊಳೆ ದಾಟಿತು ಮಹಾಪ್ರಭು ಅಂತ ಹೇಳಿ ಹೋಗಬೇಕು, ಅಷ್ಟೆ. ಮದುವೆಯಾದ ಹೊಸದರಲ್ಲಿ ನಾನು ಮೊದಲ ಸಲ ನೋಡಿದೆ. ಮಾರನೆಯ ಬೆಳಿಗ್ಗೆ ಊರವರೆಲ್ಲ ಚೆನ್ನಾಗಿತ್ತು ಅಂದುಹೋದ ಮೇಲೆ ಇವರು ನನ್ನ ಹತ್ತಿರ ಬಂದು ಮೆಲ್ಲಗೆ, "ಎಂಗಿತ್ತು?" ಅಂತ ಕೇಳಿದರು.

"ಅಂಥಾ ಸುದ್ದಿ ತಂದೋರು ಓಡ್ಕೊಂಡು ಬಂದಿರ್ಬೇಕಲ್ವಾ? ನೀವು ಉಂಡ್ಬುಟ್ಟು ಎಲಡ್ಕೆ ಹಾಕ್ಕೊಂಡು ಬಂದಂಗೆ ಬಂದ್ರಿ," ಅಂದೆ.

ನಮ್ಮತ್ತೆ ನನ್ನನ್ನು ನುಂಗುವ ಹಾಗೆ ನೋಡಿದರು. ಇವರು ಮಾತ್ರ ತಲೆಯಾಡಿಸಿ ಒಪ್ಪಿಕೊಂಡರು. ಮುಂದಿನ ವರ್ಷ ರಂಗದ ಹಿಂದೆ ಎರಡು ಸುತ್ತು ನಿಜವಾಗಿಯೂ ಓಡಿ, ಏದುಸಿರು ಬಿಡುತ್ತಾ ಒಳಗೆ ಬಂದರು. ಒಂದೇ ಮಾತಿನ ದೂತನಿಗೆ ಜನ ಸಿಳ್ಳೆ ಹೊಡೆದರು. ಅವತ್ತಿನಿಂದ ಮೂವತ್ತಾರು ವರ್ಷ, ಇಡೀ ಊರು ಹೊಗಳಿದರೂ ನಾನು ಹೇಳುವ ತನಕ ಇವರಿಗೆ ಸಮಾಧಾನವಿಲ್ಲ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನುತ್ತಿದ್ದೆ. ಚೆನ್ನಾಗಿದ್ದರೆ ಯಾವುದು ಚೆನ್ನಾಗಿತ್ತು ಅಂತ ಬಿಡಿಸಿ ಹೇಳುತ್ತಿದ್ದೆ, ಅವರು ಶಾಲೆಯ ಹುಡುಗನ ಹಾಗೆ ಕೂತು ಕೇಳುತ್ತಿದ್ದರು.

ಧಾರಾವಾಹಿ ಮುಗಿದು ಎರಡು ವರ್ಷವಾಗಿರಬೇಕು, ಅದರ ಸಿನಿಮಾ ಬರುತ್ತದೆ ಅಂತ ಸುದ್ದಿ ಬಂತು. ಮುಂದಿನ ಕಥೆಯಲ್ಲ, ಹಿಂದಿನದು. ಸಾಹೇಬರು ಇನ್ನೂ ಸಾಹೇಬರಾಗದೆ, ಹೊಸದಾಗಿ ಪೊಲೀಸ್ ಕೆಲಸಕ್ಕೆ ಸೇರಿದಾಗಿನ ಕಥೆ. ಅದಕ್ಕೆ ಪ್ರೀಕ್ವೆಲ್ ಅನ್ನುತ್ತಾರೆ ಅಂತ ಗುಂಪಿನ ಮೇಷ್ಟ್ರು ತಿಳಿಸಿಕೊಟ್ಟರು. ಅದರಲ್ಲಿ ಅಪ್ಪನೂ ಇರುತ್ತಾರಂತೆ, ಬೆಲ್ಟಿನ ಕಥೆಯೂ ಇರುತ್ತದಂತೆ ಅಂತ ಗೊತ್ತಾದ ದಿನ ನಮ್ಮ ಗುಂಪಿನಲ್ಲಿ ದೀಪಾವಳಿ.

ಅದೇ ಹೊತ್ತಿಗೆ ಸಿನಿಮಾದವರು ಸೆಟ್ಟಿಗೆ ಹಳೆಯ ಫೋಟೋ ಫ್ರೇಮುಗಳು ಬೇಕು ಅಂತ ಮಂಡಿ ಮೊಹಲ್ಲಾದ ಅಂಗಡಿಗೆ ಬಂದಿದ್ದಾರೆ. ಗಾಜು ಕುಯ್ಯುತ್ತಾ ಕೂತಿದ್ದ ಇವರ ಮುಖ ನೋಡಿದ್ದಾರೆ. ನಾಲ್ಕು ದಿನ ಬಿಟ್ಟು ಕರೆಸಿ, ಎರಡು ಮಾತು ಆಡಿಸಿ, ಅಪ್ಪನ ಪಾತ್ರಕ್ಕೆ ಆರಿಸಿಬಿಟ್ಟರು. ಒಂದೇ ದೃಶ್ಯ. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು. ನಾನಂತೂ ಅಡುಗೆಮನೆಯಲ್ಲೇ ಅತ್ತುಬಿಟ್ಟೆ. ನಮ್ಮ ಸಾಹೇಬ್ರ ಅಪ್ಪ ನಮ್ಮನೆಯಲ್ಲೇ ಇದ್ದಾರೆ ಅಂದರೆ!

ಆದರೆ ಕಥೆ ಹೊರಗೆ ಹೇಳುವ ಹಾಗಿಲ್ಲ ಅಂತ ಸಹಿ ಹಾಕಿಸಿಕೊಂಡಿದ್ದರಂತೆ. ಇವರು ನನಗೂ ಹೇಳಲಿಲ್ಲ. ಕೈಮಾ ಉಂಡೆ ಮಾಡಿ ಬಡಿಸಿದೆ, ಉಂಡರು, ಬಾಯಿ ಬಿಡಲಿಲ್ಲ. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಮಾತು ಒಪ್ಪಿಸಿಕೊಳ್ಳುತ್ತಿದ್ದರು. ಬಾಗಿಲಿಗೆ ಕಿವಿ ಇಟ್ಟರೂ ನೀರಿನ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ.

"ನೀರು ದಂಡ ಕಣ್ರೀ," ಅಂತ ಕೂಗುತ್ತಿದ್ದೆ.

"ಕಲೆ ಅಂದ್ರೆ ಖರ್ಚಿದೆ ಕಣೇ," ಅಂತ ಒಳಗಿನಿಂದಲೇ ಅನ್ನುತ್ತಿದ್ದರು. ಆ ನಾಲ್ಕೈದು ತಿಂಗಳು ನಮ್ಮ ಮನೆಯಲ್ಲಿ ದಿನಾ ಇದೇ ಆಟ.

ಗುಂಪಿನಲ್ಲಿ ನಾನು ಉಸಿರೆತ್ತಲಿಲ್ಲ. ನನ್ನದೇ ಒಂದು ಲೆಕ್ಕಾಚಾರವಿತ್ತು. ಮೊದಲ ದಿನ ಬೆಳಗಿನ ಆಟಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದು ಅಂತ ಗೊತ್ತಾಗಿತ್ತು. ಸಿನಿಮಾ ಮುಗಿದು ಎಲ್ಲರೂ ಅಪ್ಪನ ಪಾತ್ರ ಹೊಗಳುತ್ತಾ ಹೊರಗೆ ಬರುವಾಗ, ಇವರ ಕೈ ಹಿಡಿದು ಎದುರಿಗೆ ನಿಲ್ಲಿಸಿ, ಇಗೋ ಇವರೇ ನೋಡಿ ಅನ್ನಬೇಕು. ಹಂಚುವುದಕ್ಕೆ ಅಂತ ಹಿಂದಿನ ದಿನವೇ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿಟ್ಟೆ.

ಆ ದಿನ ಅಭಿಮಾನಿಗಳೆಲ್ಲ ಅಗಲವಾದ ಕಂದು ಬೆಲ್ಟು ತಂದಿದ್ದರು. ಗಂಡಸರು ಹೆಗಲಿಗೆ ಹಾಕಿಕೊಂಡಿದ್ದರೆ, ನಾವು ಹೆಂಗಸರು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆವು. ಪರದೆಯ ಮೇಲೆ ಬೆಲ್ಟು ಬಂದ ಕೂಡಲೇ ಎಲ್ಲರೂ ಎತ್ತಿ ಹಿಡಿಯಬೇಕು ಅಂತ ಮಾತಾಗಿತ್ತು. ಇವರು ನನ್ನ ಪಕ್ಕದಲ್ಲಿ ಟೋಪಿ ಹಾಕಿಕೊಂಡು ಮುದುಡಿ ಕೂತಿದ್ದರು. ಮೊದಲರ್ಧ ಬರೀ ಸಿಳ್ಳೆ, ಕೇಕೆ. ವಿರಾಮವಾದ ಮೇಲೆ ಆ ದೃಶ್ಯ ಬಂತು. ಹಗ್ಗದ ಮಂಚದ ಮೇಲೆ ಅಪ್ಪ ಕೂತಿದ್ದಾರೆ. ಗೋಡೆಯ ಮೇಲೆ ಬೆಲ್ಟು. ಇಡೀ ಥಿಯೇಟರು ಕೂಗಿಕೊಂಡು ಬೆಲ್ಟು ಎತ್ತಿತು, ನಾನೂ ಎತ್ತಿದೆ.

ಮಗ ಕೇಳುತ್ತಾನೆ, ಇಪ್ಪತ್ತು ವರ್ಷದ ಹಿಂದೆ ನೇಣಿಗೆ ಹೋದವನು ತಪ್ಪೊಪ್ಪಿಕೊಂಡಿದ್ದು ನಿಜವಾ ಅಪ್ಪ ಅಂತ. ಅಪ್ಪ ತೊಡೆಯ ಮೇಲಿನ ಟವೆಲ್ಲಿನಿಂದ ಒಂದೊಂದೇ ನೂಲು ಕೀಳುತ್ತಾ ಇರುತ್ತಾರೆ. ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ, "ಹೊಡುದ್ರೆ ಯಾರಾದ್ರೂ ಒಪ್ಕತಾರೆ ಮಗ," ಅನ್ನುತ್ತಾರೆ. ಆಮೇಲೆ ಗೋಡೆಯ ಕಡೆ ಬರೀ ಕಣ್ಣು ಹಾಯಿಸುತ್ತಾರೆ. ಹೊಡೆದದ್ದು ಆ ಬೆಲ್ಟಿನಲ್ಲಿ. ಸತ್ತವನು ನಿರಪರಾಧಿ.

ಎತ್ತಿದ್ದ ಬೆಲ್ಟುಗಳು ಒಂದೊಂದಾಗಿ ಕೆಳಗಿಳಿದವು. ಹಿಂದಿನ ಸಾಲಿನಿಂದ ಯಾರೋ ಒಬ್ಬ ತನ್ನದನ್ನು ಪರದೆಯ ಕಡೆಗೇ ಬೀಸಿ ಎಸೆದ. ನಾನು ನನ್ನದನ್ನು ಬ್ಯಾಗಿಗೆ ತುರುಕಿದೆ. ಎಂಟು ವರ್ಷ ನಾವು ದೇವರ ಹಾಗೆ ನೋಡಿದ್ದ ವಸ್ತು ಅದು.

ಆದರೆ ನನ್ನ ಸಂಕಟ ಅದೊಂದೇ ಆಗಿರಲಿಲ್ಲ. ಆ ಕೂತ ಭಂಗಿ, ಆ ನೂಲು ಕೀಳುವುದು ನನಗೆ ಗೊತ್ತಿತ್ತು. ನಾನು ಬಸುರಿಯಾಗಿದ್ದಾಗ ಇವರ ಫ್ಯಾಕ್ಟರಿಯಲ್ಲಿ ಪಕ್ಕದ ಮಿಷನ್ನಿನವನ ಕೈ ಹೋಗಿತ್ತು. ತಪ್ಪು ಅವನದೇ ಅಂತ ಬರೆದ ಕಾಗದಕ್ಕೆ ಫ್ಯಾಕ್ಟರಿಯ ಮೇಲಿನವರು ಇವರ ಕೈಲಿ ಸಹಿ ಹಾಕಿಸಿಕೊಂಡರು. ತಪ್ಪು ಅವನದಲ್ಲ ಅಂತ ಇವರಿಗೆ ಗೊತ್ತಿತ್ತು. ಕೆಲಸ ಹೋಗುತ್ತದೆ ಅಂತ ಸಹಿ ಹಾಕಿದರು. ಅವತ್ತು ಕಡಕೊಳದಿಂದ ಬಂದವರು ಮಂಚದ ತುದಿಯಲ್ಲಿ ಹೀಗೇ ಕೂತು, ಹೀಗೇ ಟವೆಲ್ಲಿನ ನೂಲು ಕಿತ್ತಿದ್ದರು. ನನಗೊಬ್ಬಳಿಗೆ ಮಾತ್ರ ಹೇಳಿ, ಆಮೇಲೆ ಆ ಮಾತು ಎತ್ತಿದವರಲ್ಲ. ಅದನ್ನು ತೆಗೆದು ಸಾವಿರ ಜನರ ಮುಂದೆ ಇಟ್ಟಿದ್ದರು. ನನಗೆ ಭಯವಾಯಿತು. ಭಯವಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ.

ಸಿನಿಮಾ ಮುಗಿದಾಗ ಇವರು, "ಸ್ಕೂಟರ್ ತತ್ತೀನಿ, ಗೇಟ್ ಹತ್ರ ಇರು," ಅಂತ ಮುಂದೆ ಹೋದರು. ನಮ್ಮ ಗುಂಪಿನವರು ಗೇಟಿನ ಹತ್ತಿರ ಬೆಂಕಿಯಾಗಿದ್ದರು. ಮನೆ ಹಾಳಾಗ, ನಮ್ಮ ಸಾಹೇಬ್ರ ವಂಶನೇ ತೆಗೆದ್ರು ಅಂತ ಒಬ್ಬರು. ಆ ಮುದುಕನ್ನ ಎಲ್ಲಿಂದ ಹಿಡ್ಕೊಂಡು ಬಂದ್ರು ಅಂತ ಇನ್ನೊಬ್ಬರು. ಆಗ ಯೂಟ್ಯೂಬ್ ಚಾನೆಲ್ಲಿನ ಹುಡುಗಿ ಮೈಕ್ ಹಿಡಿದು ಬಂದಳು.

"ಇವ್ರನ್ನ ಕೇಳಿ ಮೇಡಂ, ಇವ್ರೇ ನಮ್ಮ ಜಡ್ಜಮ್ಮ. ಇವ್ರು ಹೇಳಿದ್ಮೇಲೆ ಮುಗೀತು," ಅಂತ ನನ್ನನ್ನು ಮುಂದಕ್ಕೆ ತಳ್ಳಿದರು.

"ಅಮ್ಮ, ಅಪ್ಪನ ಪಾತ್ರದ ಬಗ್ಗೆ ಎಲ್ರೂ ಬೇಜಾರು ಮಾಡ್ಕೊಂಡಿದಾರೆ. ನೀವೇನಂತೀರಾ?"

ಅವರು ನಮ್ಮನೆಯವರು. ಆ ಎರಡೇ ಮಾತು ನಾನು ಹೇಳಬೇಕಾಗಿದ್ದದ್ದು. ಸುತ್ತ ನೋಡಿದೆ. ಅಷ್ಟೂ ಜನ ನನ್ನ ಬಾಯಿಂದ ಏನು ಬರುತ್ತದೋ ಅಂತ ಕಾಯುತ್ತಿದ್ದರು. ಇವರ ಹೆಂಡತಿ ಅಂತ ಗೊತ್ತಾದರೆ ಅದೇ ಮುಖಗಳು ಹೇಗೆ ತಿರುಗುತ್ತವೆ ಅಂತ ಊಹಿಸಿದೆ. ನಾಚಿಕೆಯಾಯಿತು. ಕಟ್ಟಿಕೊಂಡ ಗಂಡನ ಬಗ್ಗೆ ನನಗೆ ನಾಚಿಕೆಯಾಯಿತು, ಅದನ್ನು ಯಾವ ಮಾತಿನಲ್ಲೂ ಮುಚ್ಚಿಡುವುದಕ್ಕಾಗುವುದಿಲ್ಲ.

"ಅಪ್ಪನಾ?" ಅಂದೆ. "ಆ ಜಾಗದಲ್ಲಿ ಒಂದು ಲೈಟ್ ಕಂಬ ತಂದು ನಿಲ್ಸಿದ್ರೆ ಇದಕ್ಕಿಂತ ಚೆನ್ನಾಗಿ ಆಕ್ಟ್ ಮಾಡಿರೋದು. ಕಂಬದಲ್ಲಾದ್ರೂ ಒಂದು ಬಲ್ಬು ಉರೀತದೆ!"

ಗೇಟಿನ ಹತ್ತಿರ ಇದ್ದವರೆಲ್ಲ ಹೋ ಅಂತ ನಕ್ಕರು. ಮೈಕಿನ ಹುಡುಗಿ ಬಗ್ಗಿ ನಕ್ಕಳು. ಆ ನಗು ಒಂದು ಕ್ಷಣ ನನಗೆ ಹಿತವಾಗಿತ್ತು. ಇಷ್ಟು ಬರೆದ ಮೇಲೆ ಅದನ್ನೂ ಬರೆದುಬಿಡುತ್ತೇನೆ.

ಸ್ಕೂಟರು ಬಂತು, ಹಿಂದೆ ಹತ್ತಿದೆ. ನಜರ್‌ಬಾದ್ ದಾಟಿದೆವು. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ತೊಡೆಯ ಮೇಲಿದ್ದ ಡಬ್ಬಿ ಅವರ ಬೆನ್ನಿಗೆ ತಾಗಿತು.

"ಮಿಠಾಯಿ ಹಂಚ್ಲಿಲ್ವಾ?"

"ಮರ್ತೋಯ್ತು."

"ಹೋಗ್ಲಿ ಬುಡು," ಅಂದರು. ಸ್ವಲ್ಪ ದೂರ ಹೋದ ಮೇಲೆ ಯಾವಾಗಿನ ಹಾಗೆ ಮೆಲ್ಲಗೆ, "ಎಂಗಿತ್ತು?" ಅಂತ ಕೇಳಿದರು.

"ಬೆಲ್ಟಿನ ಕಥೆ ಹಾಳ್ ಮಾಡಿದ್ರು ನಿಮ್ಮ ಡೈರೆಕ್ಟ್ರು," ಅಂತ ಮನೆ ತಲುಪುವವರೆಗೂ ಬೈದೆ. ಅವರು ಕೇಳಿಸಿಕೊಂಡರು. ಗೇಟು ತೆಗೆಯುವಾಗ, "ಅಲ್ಲ, ನಂದು?" ಅಂದರು.

"ಚೆನ್ನಾಗಿತ್ತು," ಅಂದು ಬೀಗ ತೆಗೆಯುವುದಕ್ಕೆ ಹೋದೆ. ಮೂವತ್ತಾರು ವರ್ಷದಲ್ಲಿ ಬಿಡಿಸಿ ಹೇಳದೆ ಒಂದೇ ಮಾತಿನಲ್ಲಿ ಮುಗಿಸಿದ್ದು ಅದೇ ಮೊದಲು. ಅವರು ಸ್ಕೂಟರಿನ ಹತ್ತಿರವೇ ಸ್ವಲ್ಪ ಹೊತ್ತು ನಿಂತಿದ್ದರು.

ಎರಡು ದಿನದಲ್ಲಿ ಆ ವಿಡಿಯೋ ಊರೆಲ್ಲ ಸುತ್ತಿತು. ನಮ್ಮ ಗುಂಪಿನಲ್ಲೇ ಹತ್ತು ಸಲ ಬಂತು, ಜಡ್ಜಮ್ಮನಿಗೆ ಜೈ ಅಂತ. ಥಿಯೇಟರಿನಲ್ಲಿ ಕದ್ದು ತೆಗೆದ ಇವರ ಮುಖಕ್ಕೆ ನನ್ನ ದನಿ ಅಂಟಿಸಿ, ತಲೆಯ ಮೇಲೊಂದು ಬಲ್ಬು ಬರೆದು ಯಾರೋ ಬಿಟ್ಟರು. ಅದು ಇನ್ನೂ ಜಾಸ್ತಿ ಓಡಿತು. ಒಂದೇ ಮನೆಯಲ್ಲಿ ಒಂದೇ ಕುಕ್ಕರಿನ ಅನ್ನ ತಿನ್ನುವ ಇಬ್ಬರು ಅಂತ ಆ ನಗುವವರಿಗೆ ಹೇಗೆ ಗೊತ್ತಾಗಬೇಕು? ಚಾನೆಲ್ಲಿನ ಹುಡುಗಿಯ ನಂಬರ್ ಹುಡುಕಿ, ತೆಗೆದುಬಿಡಮ್ಮ ಅಂತ ಕೈಮುಗಿದೆ. ಅಯ್ಯೋ ಅಮ್ಮ, ನಮ್ಮ ಚಾನೆಲ್‌ನಲ್ಲಿ ಅದೇ ಚೆನ್ನಾಗಿ ಹೋಗ್ತಿರೋದು ಅಂದಳು. ತೆಗೆದಿದ್ದರೂ ಆಗುತ್ತಿದ್ದದ್ದೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇವರಿಗೆ ಅದನ್ನು ತೋರಿಸಿದ್ದು ಫ್ರೇಮ್ ಕೊಳ್ಳಲು ಬಂದ ಗಿರಾಕಿಯಂತೆ. ನೀವೇ ಅಲ್ವಾ ಸಾರ್ ಆ ಕಂಬ ಅಂತ ನಗುತ್ತಾ ಫೋನ್ ಹಿಡಿದನಂತೆ. ಅಂಗಡಿಯ ಗೆಳೆಯರು ಆಮೇಲೆ ನನಗೆ ಫೋನ್ ಮಾಡಿ ಹೇಳಿದರು. "ಎರಡು ಸಲ ನೋಡ್ದ ತಂಗಿ. 'ನಮ್ಮನೆಯವಳ ದನಿ ಅಲ್ವಾ ಇದು' ಅಂದ. ಕುಯ್ತಿದ್ದ ಗಾಜು ಅಂಗೇ ಬುಟ್ಬುಟ್ಟು ಎದ್ದೋದ." ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತು. ಇರಬೇಕಾದದ್ದೇ.

ಆ ಸಂಜೆ ಇವರು ಬಂದು, ಕಾಲು ತೊಳೆದು, ಕಾಫಿ ಕೇಳಿದರು. ನಾನು ಲೋಟ ಕೊಟ್ಟು ಅಲ್ಲೇ ನಿಂತೆ.

"ಕೋಪದಲ್ಲಿ ಅಂದ್ಬುಟ್ಟೆ ಕಣ್ರೀ. ಅದು ನಿಜ ಅಲ್ಲ."

"ಬುಡು. ಇಲ್ಲದ್ದನ್ನ ನೀನು ಯಾವತ್ತು ಹೇಳಿದ್ದೀಯ?"

ಚುಚ್ಚುವುದಕ್ಕೆ ಅಂದ ಮಾತಲ್ಲ ಅದು. ಚುಚ್ಚಿದ್ದರೆ ನಾನೂ ಜಗಳವಾಡಿ, ಅತ್ತು, ಕಾಲು ಹಿಡಿದು ಸರಿಮಾಡಿಕೊಳ್ಳುತ್ತಿದ್ದೆ. ಅವರು ಅದನ್ನು ಮನಸಾರೆ ಹೇಳಿದರು. ಊರಿಗೆ ಊರೇ ಬೈದಿದ್ದರೆ ಮೈ ಕೊಡವಿಕೊಂಡು ಎದ್ದುಬರುವ ಮನುಷ್ಯ. ನಾನು ಅಂದದ್ದಕ್ಕೆ ಅದನ್ನು ತೀರ್ಪು ಅಂತ ಒಪ್ಪಿಕೊಂಡುಬಿಟ್ಟರು. ಮನೆಯಲ್ಲಿ ಹೇಳಿದ 'ಚೆನ್ನಾಗಿತ್ತು' ಅವರ ಲೆಕ್ಕದಲ್ಲಿ ನಾನು ಕರುಣೆಯಿಂದ ಆಡಿದ ಮಾತು, ಮೈಕಿನಲ್ಲಿ ಹೇಳಿದ್ದೇ ನಿಜ. ಇದನ್ನು ನಾನು ಎಷ್ಟು ಬಗೆಯಲ್ಲಿ ತಿದ್ದಲು ಹೋದರೂ, ಆಯ್ತು ಕಣೇ ಅನ್ನುತ್ತಿದ್ದರು, ಅಷ್ಟೆ.

ಒಂದು ತಿಂಗಳಾದ ಮೇಲೆ ಇನ್ನೊಂದು ಸಿನಿಮಾದವರು ಫೋನ್ ಮಾಡಿದರು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ, ಕೈ ನಿಲ್ಲಿಸಿ ಕೇಳಿಸಿಕೊಂಡೆ. "ಇಲ್ಲ ಸ್ವಾಮಿ, ನಂಗೆ ಅದು ಬರಲ್ಲ. ಒಂದ್ಸಲ ತಪ್ಪಾಗೋಯ್ತು, ನಿಮ್ಮ ದುಡ್ಡೂ ದಂಡ ಆಗ್ಬಾರ್ದು," ಅಂದರು, ಮರ್ಯಾದೆಯಾಗಿ. ಆ ವರ್ಷ ಊರಿನಿಂದ ನಾಟಕದವರು ಬಂದಾಗಲೂ, ದೂತನಿಗೆ ಬೇರೆ ಯಾರನ್ನಾದ್ರೂ ನೋಡ್ಕಳಿ ಅಂದರು. ಬಚ್ಚಲಿನ ನಲ್ಲಿ ಈಗ ಸ್ನಾನಕ್ಕೆ ಬೇಕಾದಷ್ಟೇ ಹರಿಯುತ್ತಿತ್ತು.

ನಾನು ಗುಂಪಿನಲ್ಲಿ ಬರೆಯುವುದನ್ನು ಬಿಟ್ಟಿದ್ದೆ. ಸಿನಿಮಾ ಮೊಬೈಲಿನಲ್ಲೂ ಟಿವಿಯಲ್ಲೂ ಬಂದು ಮನೆಮನೆಯವರು ನಿಧಾನವಾಗಿ ನೋಡಿದ ಮೇಲೆ ಒಂದು ದಿನ ಮೇಷ್ಟ್ರು ಅಲ್ಲಿ ಉದ್ದಕ್ಕೆ ಬರೆದರು. ನಾವೆಲ್ಲ ದಡ್ಡರು. ಸಾಹೇಬ್ರು ಎಂಟು ವರ್ಷ ಒಬ್ಬನ ಮೇಲೂ ಕೈ ಮಾಡಲಿಲ್ಲ ಯಾಕೆ ಅಂತ ಯೋಚಿಸಿದ್ದೀವಾ? ಬೆಲ್ಟು ಮುಟ್ಟುತ್ತಿದ್ದದ್ದು ನಮಸ್ಕಾರಕ್ಕಲ್ಲ, ಅಪ್ಪ ಮಾಡಿದ್ದನ್ನು ಮರೆಯಬಾರದು ಅಂತ. ಇಡೀ ಸಿನಿಮಾದಲ್ಲಿ ಆ ಅಪ್ಪನ ದೃಶ್ಯದಂಥದ್ದು ಇನ್ನೊಂದಿಲ್ಲ, ಅಂತ.

ಮೊದಲು ಒಬ್ಬರು ಹೌದಲ್ವಾ ಅಂದರು. ಆಮೇಲೆ ಇಬ್ಬರು. ವಾರ ಕಳೆಯುವುದರೊಳಗೆ ಥಿಯೇಟರಿನಲ್ಲಿ ಬೆಲ್ಟು ಎಸೆದವನೇ, ಕಣ್ಣಲ್ಲಿ ನೀರು ಬಂತು ಗುರು ಅಂತ ಬರೆದ. ಅದೇ ಜನ, ಅದೇ ಗೇಟಿನ ಹತ್ತಿರ ನಿಂತು ನಕ್ಕವರು. ಅಪ್ಪನ ಪಾತ್ರ ಮಾಡಿದವರು ಯಾರು, ಎಲ್ಲಿದ್ದಾರೆ, ಕರೆಸಿ ಒಂದು ಶಾಲು ಹೊದಿಸೋಣ ಅಂತ ಶುರುವಾಯಿತು.

ಇವರು ಮಾರ್ಕೆಟ್ಟಿಗೆ ಹೋಗಿದ್ದಾಗ ಆ ದೃಶ್ಯವನ್ನು ಫೋನಿನಲ್ಲಿ ನಾನೊಬ್ಬಳೇ ನೋಡಿದೆ. ಥಿಯೇಟರಿನಲ್ಲಿ ಕಂಡಿದ್ದಕ್ಕಿಂತ ಜಾಸ್ತಿ ಕಂಡಿತು. ನೂಲು ಕೀಳುವ ಬೆರಳು, ಮಗ ಪ್ರಶ್ನೆ ಕೇಳಿದ ಕೂಡಲೇ ನಿಲ್ಲುವುದಿಲ್ಲ. ಇನ್ನೂ ಎರಡು ನೂಲು ಕಿತ್ತ ಮೇಲೆ ನಿಲ್ಲುತ್ತದೆ. 'ಒಪ್ಕತಾರೆ ಮಗ' ಅಂದ ಮೇಲೂ ಬಾಯಿ ಸ್ವಲ್ಪ ತೆರೆದೇ ಇರುತ್ತದೆ, ಹೇಳಬೇಕಾದದ್ದು ಇನ್ನೂ ಇದೆ, ಆದರೆ ಹೇಳುವುದಿಲ್ಲ. ಕಂಬವಂತೆ. ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ನಿಸಿತು.

ಆ ಕ್ಷಣವೇ ಗುಂಪಿನಲ್ಲಿ ಬರೆದೆ. ಅವರು ನನ್ನ ಗಂಡ. ಥಿಯೇಟರಿನ ಮುಂದೆ ನಾನು ಹೇಳಿದ್ದು ಸುಳ್ಳು, ನಿಮ್ಮೆಲ್ಲರ ಎದುರು ಅವರನ್ನು ನನ್ನವರು ಅನ್ನಲು ನಾಚಿಕೊಂಡು ಹೇಳಿದ್ದು, ಅಂತ. ಆಮೇಲೆ ಹೂವು, ಕೈಮುಗಿಯುವ ಚಿತ್ರ, ಕ್ಷಮಿಸಿ ಅನ್ನುವವರು, ನಮ್ಮದೂ ತಪ್ಪು ಅನ್ನುವವರು. ಮೇಷ್ಟ್ರು ಇವರಿಗೇ ಅಂತ ಒಂದು ಪತ್ರದಂಥದ್ದನ್ನು ಬರೆದಿದ್ದರು.

ಅವರೆಕಾಯಿ ಕಾಲ ಅದು. ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಕೈ ಒರೆಸಿಕೊಂಡು ಫೋನನ್ನು ಅವರಿಗೆ ಕೊಟ್ಟೆ. ಕನ್ನಡಕ ಮೂಗಿಗೇರಿಸಿ, ಫೋನನ್ನು ದೂರ ಹಿಡಿದು, ಒಂದೂ ಬಿಡದೆ ಓದಿದರು. ನಾನು ಬರೆದದ್ದನ್ನೂ ಓದಿದರು.

"ಒಳ್ಳೆ ಜನ," ಅಂದು ವಾಪಸ್ ಕೊಟ್ಟರು.

"ಅವ್ರದ್ದು ಬುಡಿ. ನಾನು ಹೇಳ್ತೀನಿ ಕೇಳಿ," ಅಂದೆ. ಮೊದಲಿನ ಹಾಗೆ ಬಿಡಿಸಿ ಹೇಳಿದೆ. ಬೆರಳು ನಿಂತದ್ದು, ಬಾಯಿ ತೆರೆದೇ ಇದ್ದದ್ದು, ಕಣ್ಣು ಬೆಲ್ಟಿನ ತನಕ ಹೋಗಿ ಪೂರ್ತಿ ನೋಡಲಾರದೆ ವಾಪಸ್ ಬಂದದ್ದು. "ಅವತ್ತು ಕಡಕೊಳದಿಂದ ಬಂದು ಕೂತಿದ್ರಲ್ಲ, ಅಂಗೇ ಇತ್ತು. ಥಿಯೇಟ್ರಲ್ಲೇ ನಂಗೆ ಗೊತ್ತಾಯ್ತು ಕಣ್ರೀ. ಗೊತ್ತಾಗಿಯೇ ಹೆದರ್ಕೊಂಡೆ. ಅಷ್ಟು ಚೆನ್ನಾಗಿ ಇನ್ಯಾರ ಕೈಲೂ ಆಗಲ್ಲ."

ಅವರು ಕೊನೆಯವರೆಗೂ ಕೇಳಿದರು. ಬೆರಳುಗಳು ಮಾತ್ರ ಕಾಳು ಹಿತುಕುತ್ತಲೇ ಇದ್ದವು. ಆಮೇಲೆ ನನ್ನ ಮುಖ ನೋಡಿ ನಕ್ಕರು. ಆ ನಗುವಿನಲ್ಲಿ ಮುನಿಸು ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಇಷ್ಟು ವರ್ಷದಲ್ಲಿ ನೀನು ನಂಗೆ ಒಂದು ಸುಳ್ಳೂ ಹೇಳ್ದೋಳಲ್ಲ ಕಣೇ," ಅಂದರು. "ಈಗ ನನಗೋಸ್ಕರ ಕಲೀಬೇಡ."

ಹಿತುಕಿದ ಬೇಳೆಯನ್ನೆಲ್ಲ ನನ್ನ ಬೋಗುಣಿಗೆ ಸುರಿದು, ಸಿಪ್ಪೆಯ ಮೊರ ಎತ್ತಿಕೊಂಡು ಹಿತ್ತಿಲ ಕಡೆಗೆ ಹೋದರು.